ವಾಡೆ ಮ್ಯೂಸಿಯಂ ಆಗುವ ಮೊದಲು

ಅಕ್ಟೋಬರ್ 1892ರಲ್ಲಿ ಬೆಳಗಾವಿಗೆ ಬಂದ ಸ್ವಾಮಿ ವಿವೇಕಾನಂದರು ಮೊದಲು ಇಳಿದುಕೊಂಡದ್ದು ರಿಸಾಲ್ದಾರ್ ಗಲ್ಲಿಯ ವಕೀಲ ಭಾಟೆಯವರ ಮನೆಯಲ್ಲಿ, ಆಮೇಲೆ ಅರಣ್ಯಾಧಿಕಾರಿ ಹರಿಪದ ಮಿತ್ರರಲ್ಲಿ. ಎರಡೂ ಮನೆ ಈಗ ಸ್ಮಾರಕ. ವಿಜಯಪುರದ ಗೋಲಗುಮ್ಮಟದ ನಗಾರಖಾನೆಯಲ್ಲಿ ಮ್ಯೂಸಿಯಂ ಶುರುವಾದದ್ದೂ 1892ರಲ್ಲೇ. ಆದರೆ ಸ್ಮಾರಕ ರಕ್ಷಣೆಯ ಕಾಯ್ದೆ ಬಹುಕಾಲ ಕಂಡದ್ದು ಗುಮ್ಮಟಗಳನ್ನು, ಮನೆಗಳನ್ನಲ್ಲ.

ವಿಜಯಪುರದ ಒಂದು ಮಸೀದಿಯಲ್ಲಿದ್ದ ಅಂಚೆ ಕಚೇರಿಯನ್ನೂ ಇನ್ನೊಂದರಲ್ಲಿದ್ದ ಡಾಕ್ ಬಂಗಲೆಯನ್ನೂ ತೆರವು ಮಾಡಿಸಿದ್ದು ವೈಸರಾಯ್ ಲಾರ್ಡ್ ಕರ್ಜನ್. ಅವನ ಕಾಲದ 1904ರ ಕಾಯ್ದೆ, 1958ರ ಕೇಂದ್ರ ಕಾಯ್ದೆ, 1961ರ ರಾಜ್ಯ ಕಾಯ್ದೆ ಎಲ್ಲ ಬಂದರೂ ಜನ ವಾಸವಿದ್ದ ವಾಡೆಗಳು, ಅಂದರೆ ಹಳೆಯ ದೊಡ್ಡ ಮನೆಗಳು, ಹೆಚ್ಚಾಗಿ ಪಟ್ಟಿಯ ಹೊರಗೇ ಉಳಿದವು. ಸಂರಕ್ಷಣೆಯಿಲ್ಲದ ಕಟ್ಟಡಗಳಿಗೆಂದೇ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್ ತನ್ನ ಸನ್ನದು ತಂದದ್ದು 2004ರಲ್ಲಿ. ಅಷ್ಟರೊಳಗೆ ರಿಪೇರಿಯೆಲ್ಲ ಗುತ್ತಿಗೆದಾರನ ಕೈಯಲ್ಲಿ, ಅಂದರೆ ಸಿಮೆಂಟಿನ ಕೈಯಲ್ಲಿ ಆಗಿಹೋಗಿತ್ತು.

ಹಾಗಾಗಿ ವಾಡೆಯನ್ನು ಮ್ಯೂಸಿಯಂ ಮಾಡುವ ಯೋಜನೆಯ ಮೊದಲ ಕಾಗದ ನಕ್ಷೆಯಲ್ಲ, ರಿಪೇರಿಯ ಚರಿತ್ರೆ. ಯಾವ ಗೋಡೆಗೆ ಯಾವಾಗ ಏನು ಬಳಿದರು, ಮಾಳಿಗೆಗೆ ಎಷ್ಟು ಸಲ ಮಣ್ಣು ಹಾಕಿದರು ಎಂಬುದು ಅದರಲ್ಲಿರಬೇಕು. ಮಾಳಿಗೆಯ ಒಂದು ಮೂಲೆಯಲ್ಲಿ ಅಡಿ ಚದರ ಅಗೆದರೆ ಉತ್ತರ ಅಲ್ಲೇ ಸಿಗುತ್ತದೆ: ತೊಲೆ, ಜಂತಿ, ಹಲಗೆ, ಮಣ್ಣು, ಅದರ ಮೇಲೆ ಪದರು ಪದರಾಗಿ ಕರ್ಲು ಎಂಬ ಉಪ್ಪಿನಂಶದ ಮಣ್ಣು. ನೀರು ಬಿದ್ದೊಡನೆ ಕರ್ಲು ಕದಡಿ ರಂಧ್ರ ಮುಚ್ಚುತ್ತದೆ, ಅದಕ್ಕೇ ಮಾಳಿಗೆ ಸೋರುವುದಿಲ್ಲ. ಆದರೆ ಹಳೆಯದನ್ನು ಕೆರೆಯದೆ ವರ್ಷ ವರ್ಷ ಹೇರಿದರೆ? ಹತ್ತು ಸೆಂಟಿಮೀಟರ್ ಹೆಚ್ಚುವರಿ ಮಣ್ಣು ಚದರ ಮೀಟರಿಗೆ ಸುಮಾರು 170 ಕಿಲೊ. 24 ಚದರ ಮೀಟರಿನ ಪಡಸಾಲೆಯ ಮೇಲೆ ನಾಲ್ಕು ಟನ್. ಮಳೆಯಲ್ಲಿ ಇನ್ನೂ ಹೆಚ್ಚು.

ತೊಲೆ ಕೊಳೆಯುವುದು ನಡುವೆ ಅಲ್ಲ, ಗೋಡೆಯೊಳಗೆ ಹುದುಗಿದ ತುದಿಯಲ್ಲಿ. ಅಲ್ಲಿ ದಬ್ಬಣ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಮೇಲಿನ ಮಣ್ಣು ತೆಗೆಯುವ ಮೊದಲೇ ಕೆಳಗೆ ಕಂಬದ ಆಸರೆ ಕೊಡಬೇಕು.

ಗೋಡೆಯ ಕಥೆ ಬೇರೆ. ಮಣ್ಣುಗಾರೆಯ ಗೋಡೆಗೆ ಮೂರು ಅಡಿ ಸಿಮೆಂಟ್ ಬಳಿದರೆ ಹಸಿ ಹೋಗುವುದಿಲ್ಲ, ಅದರ ಹಿಂದೆಯೇ ಮೇಲೇರಿ ನಾಲ್ಕನೇ ಅಡಿಯಲ್ಲಿ ಉಪ್ಪು ಉದುರಿಸುತ್ತದೆ. ಮೊದಲು ಸುತ್ತಲಿನ ಗಟಾರದ ಇಳಿಜಾರು ಸರಿಮಾಡಿ, ಸಿಮೆಂಟ್ ಕಿತ್ತು, ಒಂದು ಬೇಸಿಗೆ ಒಣಗಲು ಬಿಟ್ಟು, ಆಮೇಲೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಿಲಾವು. ಆ ಬೇಸಿಗೆ ಕಾಯುವ ತಾಳ್ಮೆ ಅನುದಾನದ ಕಾಗದಕ್ಕೆ ಇರುವುದಿಲ್ಲ, ಮಾರ್ಚ್ 31ಕ್ಕೆ ಬಿಲ್ಲು ಬೇಕು.

ವಿಜಯಪುರ, ಬಾಗಲಕೋಟೆಯ ಎರೆ ನೆಲದಲ್ಲಿ ಬಿರುಕಿಗೆ ಗಾರೆ ತುಂಬುವ ಅವಸರ ಬೇಡ. ಎರೆ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಬಿರುಕಿಗೆ ಅಡ್ಡ ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆದು, ಅದು ಒಡೆಯುತ್ತದೆಯೇ ಎಂದು ಎರಡೂ ಕಾಲ ನೋಡಬೇಕು.

ಪ್ರದರ್ಶನಕ್ಕಿಡುವ ಮಂಚ, ಪಗಡಿ, ಕಾಗದಪತ್ರದ ಸರದಿ ಕೊನೆಗೆ. ಮಂಚ ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ, ಬಟ್ಟೆಯ ಮೇಲಿನ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟದಿರಲಿ. ವಾಸದ ಮನೆಯ ಮಹಡಿಗೆ ಚದರ ಮೀಟರಿಗೆ 200 ಕಿಲೊ ಭಾರದ ಲೆಕ್ಕ, ಜನ ಗುಂಪುಗೂಡುವ ಜಾಗಕ್ಕೆ 400ರಿಂದ 500. ಹಳೆಯ ತೊಲೆ ಎಷ್ಟು ಜನರನ್ನು ಹೊರುತ್ತದೆ ಎಂದು ಎಂಜಿನಿಯರ್ ಹೇಳಿದ ಅಂಕಿಯನ್ನು ಮೆಟ್ಟಿಲ ಬುಡದಲ್ಲೇ ಬರೆಯಿಸಬೇಕು.