ಕೇಂದ್ರ ನಾಟಕೀಯ ಪ್ರಶ್ನೆ ಎಂದರೆ ಯಾವ ಪ್ರಶ್ನೆ?

ನಾಟಕ ಮುಗಿಸಿ ಹೊರಗೆ ಬಂದವರು 'ಅವನು ನಿಜವಾಗಿ ತಪ್ಪು ಮಾಡಿದ್ದನಾ?' ಎಂದು ವಾದಕ್ಕೆ ಇಳಿಯುತ್ತಾರೆ. ಆ ನಾಟಕದ ಮುಖ್ಯ ಪ್ರಶ್ನೆ ಅದೇ ಅನ್ನಿಸಿಬಿಡುತ್ತದೆ. ಎಷ್ಟೋ ಸಲ ಅದಾಗಿರುವುದಿಲ್ಲ.

ಒಂದು ಪಾತ್ರ ಏನನ್ನೋ ಬಯಸಿ ಹಟ ಹಿಡಿದು ಹೊರಡುತ್ತದೆ. ಆಗ ನೋಡುವವರಿಗೆ 'ಇದು ಆಗುತ್ತಾ, ಇಲ್ವಾ?' ಎಂಬ ಕುತೂಹಲ ಹುಟ್ಟುತ್ತದೆ, ಅಲ್ವಾ? ಕೇಂದ್ರ ನಾಟಕೀಯ ಪ್ರಶ್ನೆ ಎಂದರೆ ಅದೇ. ಶುರುವಿನಲ್ಲಿ ಎದ್ದ ಆ ಪ್ರಶ್ನೆ ಕೊನೆಯ ಹೊತ್ತಿಗೆ ಇತ್ಯರ್ಥವಾಗುತ್ತದೆ. ಅಪ್ಪನ ಕೊಲೆಗೆ ಹ್ಯಾಮ್ಲೆಟ್ ಸೇಡು ತೀರಿಸಿಕೊಳ್ಳುತ್ತಾನಾ? ಇಷ್ಟೇ. 'ನ್ಯಾಯ ಎಂದರೇನು?' ಎಂಬಂಥದ್ದು ನಾಟಕದ ವಸ್ತು. ಅದಕ್ಕೆ ರಂಗದ ಮೇಲೆ ಹೌದು, ಇಲ್ಲ ಎಂಬ ಉತ್ತರ ಸಿಗುವುದಿಲ್ಲ.

ಬೇಕೆಂದೇ ವಿಷಯವನ್ನು ಮಬ್ಬಾಗಿ ಇಟ್ಟ ನಾಟಕಗಳಲ್ಲಿ ತೊಡಕು ಜಾಸ್ತಿ. ಜಾನ್ ಪ್ಯಾಟ್ರಿಕ್ ಶಾನ್ಲಿ ಬರೆದ, 2004ರಲ್ಲಿ ರಂಗಕ್ಕೆ ಬಂದ 'ಡೌಟ್' ನೋಡಿ. ಕಥೆ ನಡೆಯುವುದು 1964ರಲ್ಲಿ, ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿರುವ ಒಂದು ಕ್ಯಾಥೊಲಿಕ್ ಶಾಲೆಯಲ್ಲಿ. ಫಾದರ್ ಫ್ಲಿನ್ ಒಬ್ಬ ಹುಡುಗನ ಜೊತೆ ಕೆಟ್ಟದಾಗಿ ನಡೆದುಕೊಂಡಿದ್ದಾರೆ ಎಂದು ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಅಲೋಶಿಯಸ್ ನಂಬಿದ್ದಾರೆ. ಸಾಕ್ಷಿ ಇಲ್ಲ. ಫ್ಲಿನ್ ತಪ್ಪು ಮಾಡಿದ್ದರಾ? ನಾಟಕ ಕೊನೆಯವರೆಗೂ ಹೇಳುವುದಿಲ್ಲ. ಇದನ್ನೇ ಕೇಂದ್ರ ಪ್ರಶ್ನೆ ಅಂದುಕೊಂಡರೆ ನಾಟಕ ಅರ್ಧಕ್ಕೆ ನಿಂತಂತೆ ಕಾಣುತ್ತದೆ.

ಇಂಥ ಕಡೆ ನಾನು ಮೊದಲು ನೋಡುವುದು, ದೃಶ್ಯದಿಂದ ದೃಶ್ಯಕ್ಕೆ ಯಾರ ಹಟ ಕಥೆಯನ್ನು ಎಳೆಯುತ್ತಿದೆ ಎಂದು. ಇಲ್ಲಿ ಅದು ಸಿಸ್ಟರ್ ಅವರದ್ದು. ಫ್ಲಿನ್ ಅವರನ್ನು ಅಲ್ಲಿಂದ ಹೊರಗೆ ಹಾಕಬೇಕು ಎಂಬುದೇ ಅವರ ಗುರಿ. ಹಾಕುತ್ತಾರಾ? ಇದಕ್ಕೆ ಉತ್ತರ ಇದೆ. ಅದಕ್ಕಾಗಿ ಅವರು ಒಂದು ಸುಳ್ಳನ್ನೂ ಹೇಳುತ್ತಾರೆ. ಫ್ಲಿನ್ ಹೋಗುತ್ತಾರೆ, ಆದರೆ ಬೇರೊಂದು ಕಡೆ ಬಡ್ತಿ ಪಡೆದು. ಗೆದ್ದ ಮೇಲೆ ಸಿಸ್ಟರ್ ತಮಗೇ ಅನುಮಾನ ಎಂದು ಕುಸಿಯುತ್ತಾರೆ. ಹೋರಾಟದ ಪ್ರಶ್ನೆ ಮುಗಿದದ್ದರಿಂದಲೇ ಸತ್ಯದ ಪ್ರಶ್ನೆ ಅಷ್ಟು ಚುಚ್ಚುತ್ತದೆ. ಅದನ್ನು ನಾವು ಮನೆಗೆ ಒಯ್ಯುತ್ತೇವೆ.

1953ರಲ್ಲಿ ಪ್ಯಾರಿಸ್‌ನಲ್ಲಿ ಮೊದಲು ಪ್ರದರ್ಶನವಾದ ಸ್ಯಾಮ್ಯುಯೆಲ್ ಬೆಕೆಟ್‌ನ 'ವೇಟಿಂಗ್ ಫಾರ್ ಗೋಡೋ' ಇನ್ನೂ ಕಷ್ಟದ್ದು. ಗೋಡೋ ಎಂಬವನಿಗಾಗಿ ಇಬ್ಬರು ಕಾಯುತ್ತಲೇ ಇರುತ್ತಾರೆ. 'ಗೋಡೋ ಯಾರು?' ಎಂದು ತಲೆ ಕೆಡಿಸಿಕೊಂಡವರೇ ಜಾಸ್ತಿ. ಚರ್ಚೆಗೆ ಅದು ಸೊಗಸಾದ ಪ್ರಶ್ನೆ. ತಾಲೀಮಿನಲ್ಲಿ ಮಾತ್ರ ಕೆಲಸಕ್ಕೆ ಬಾರದು, ಯಾವ ನಟನಿಗೂ ಅದನ್ನು ಅಭಿನಯಿಸಲು ಆಗುವುದಿಲ್ಲ. 'ಇವರಿಬ್ಬರು ಕಾಯುವುದನ್ನು ಬಿಟ್ಟು ಹೊರಡುತ್ತಾರಾ?' ಎಂದು ಕೇಳಿಕೊಂಡು ನೋಡಿ. ಸುಮ್ನೆ ಹೊತ್ತು ಕಳೆಯುವಂತೆ ಕಾಣುವ ಮಾತು, ಜಗಳ, ಟೋಪಿಯ ಆಟ ಎಲ್ಲಕ್ಕೂ ಬಿಗಿ ಬರುತ್ತದೆ. ಎರಡು ಅಂಕಗಳೂ ಮುಗಿಯುವುದು ಒಂದೇ ರೀತಿ. ಹೋಗೋಣ ಎನ್ನುತ್ತಾರೆ. ಕದಲುವುದಿಲ್ಲ.