ಮುಚ್ಚಲೇಬೇಕಾದ ದಿನ ಕದ ಮುಚ್ಚುತ್ತಾ?

1953ರ ಜನವರಿ 31ರ ರಾತ್ರಿ ಬಿರುಗಾಳಿಯೊಂದು ಉತ್ತರ ಸಮುದ್ರದ ನೀರನ್ನು ದಕ್ಷಿಣಕ್ಕೆ ತಳ್ಳಿತು. ಆ ಸಮುದ್ರ ದಕ್ಷಿಣಕ್ಕೆ ಬಂದಷ್ಟೂ ಕಿರಿದಾಗುತ್ತದೆ, ಆಳವೂ ಕಮ್ಮಿ. ಬಂದ ನೀರಿಗೆ ಮೇಲೇರದೆ ಬೇರೆ ದಾರಿಯಿಲ್ಲ. ಸಾಲದ್ದಕ್ಕೆ ಹುಣ್ಣಿಮೆಯ ದೊಡ್ಡ ಉಬ್ಬರವೂ ಸೇರಿಕೊಂಡಿತು. ನೆದರ್‌ಲ್ಯಾಂಡ್ಸ್‌ನ ಒಡ್ಡುಗಳು ಒಡೆದು 1,836 ಜನ ಸತ್ತರು.

ಆಮೇಲೆ ಡಚ್ಚರು ಹಲವು ನದೀಮುಖಗಳಿಗೆ ಅಡ್ಡಗಟ್ಟೆ ಹಾಕಿದರು. ರಾಟರ್‌ಡ್ಯಾಮ್‌ಗೆ ಹೋಗುವ ಕಾಲುವೆಗೆ ಮಾತ್ರ ಅದು ಸಾಧ್ಯವಿರಲಿಲ್ಲ. ಹಗಲೂ ರಾತ್ರಿ ಹಡಗು ಓಡಾಡುವ ದಾರಿ ಅದು. ಅಲ್ಲಿಗೆ ಬೇಕಾಗಿದ್ದದ್ದು ಗೋಡೆಯಲ್ಲ, ಕದ. 1997ರಲ್ಲಿ ಶುರುವಾದ ಮಾಸ್ಲಾಂಟ್ ತಡೆಗೇಟು ಅಂಥದ್ದು.

ಸುಮಾರು 360 ಮೀಟರ್ ಅಗಲದ ಕಾಲುವೆಗೆ ಎರಡು ಬಾಗಿದ ಉಕ್ಕಿನ ಕದಗಳು. ಒಂದೊಂದೂ 210 ಮೀಟರ್ ಉದ್ದ, 22 ಮೀಟರ್ ಎತ್ತರ. ಉಳಿದ ದಿನ ಇವು ದಡದ ಒಣ ಹಳ್ಳದಲ್ಲಿ ಸುಮ್ನೆ ಕೂತಿರುತ್ತವೆ. ಮುಚ್ಚುವಾಗ ಮೊದಲು ಹಳ್ಳಕ್ಕೆ ನೀರು ಬಿಡುತ್ತಾರೆ. ಒಳಗೆ ಟೊಳ್ಳಾದ ಕದ ತೇಲುತ್ತದೆ. ತೇಲಿಸಿಕೊಂಡೇ ಅದನ್ನು ನಡುವಿಗೆ ತಂದು, ಒಳಗೆ ನೀರು ತುಂಬಿ ತಳಕ್ಕೆ ಇಳಿಸುತ್ತಾರೆ. ತಳದ ಕಾಂಕ್ರೀಟ್ ಮೇಲೆ ಹೂಳು ಕೂತಿದ್ದರೆ? ಕದ ಇಳಿದಂತೆ ಕೆಳಗಿನ ಸಂದಿಯಲ್ಲಿ ನೀರು ರಭಸದಿಂದ ನುಗ್ಗಿ ಅದನ್ನು ತೊಳೆದುಬಿಡುತ್ತದೆ. ನನಗೆ ತುಂಬ ಹಿಡಿಸಿದ ಜಾಣತನ ಇದು.

ಕದ ಪಕ್ಕಕ್ಕೆ ತಿರುಗಬೇಕು, ಮೇಲೆ ಕೆಳಗೂ ಆಡಬೇಕು. ಸಾಮಾನ್ಯ ಬಾಗಿಲಿನ ತಿರುಗಣಿ ಇದಕ್ಕೆ ಸಾಲದು. ಅದಕ್ಕೇ ನಮ್ಮ ಹೆಗಲಿನ ಕೀಲಿನಂಥ ಗುಂಡು ಕೀಲು ಹಾಕಿದರು. ಗುಂಡಿನ ಅಡ್ಡಳತೆ 10 ಮೀಟರ್, ತೂಕ 680 ಟನ್. ಸಮುದ್ರ ಕದವನ್ನು ತಳ್ಳಿದ ಬಲವೆಲ್ಲ ಉಕ್ಕಿನ ತೋಳುಗಳ ಮೂಲಕ ಇದಕ್ಕೇ ಬಂದು ಸೇರುತ್ತದೆ.

ಆದರೆ ಉಕ್ಕಿಗಿಂತ ಕಷ್ಟದ್ದು ತೀರ್ಮಾನ. ಮುಚ್ಚಿದರೆ ಹಡಗು ನಿಲ್ಲುತ್ತವೆ. ಜಾಸ್ತಿ ಹೊತ್ತು ಮುಚ್ಚಿದರೆ ಹಿಂದಿನಿಂದ ಹರಿದು ಬರುವ ರೈನ್ ನದಿಯ ನೀರೇ ಒಳಗೆ ತುಂಬಿಕೊಳ್ಳುತ್ತದೆ. ತಡಮಾಡಿದರೆ ಸಮುದ್ರ ಒಳಗೆ. ಹಾಗಾಗಿ ಈ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದ್ದಾರೆ. ರಾಟರ್‌ಡ್ಯಾಮ್‌ನಲ್ಲಿ ನೀರು ಮಾಮೂಲಿ ಮಟ್ಟಕ್ಕಿಂತ 3 ಮೀಟರ್ ಏರುತ್ತದೆ ಎಂಬ ಮುನ್ಸೂಚನೆ ಬಂದರೆ ಅದು ತಾನೇ ಮುಚ್ಚಿಸುತ್ತದೆ.

ಬಿರುಗಾಳಿಗೆ ಇದು ಮೊದಲ ಸಲ ಮುಚ್ಚಿದ್ದು 2007ರ ನವೆಂಬರ್‌ನಲ್ಲಿ. 2023ರ ಡಿಸೆಂಬರ್ 21ಕ್ಕೂ ಮುಚ್ಚಿತ್ತು. ಇಷ್ಟು ಅಪರೂಪಕ್ಕೆ ಓಡುವ ಯಂತ್ರವನ್ನು ನಂಬೋದು ಹೇಗೆ? ಪ್ರತಿ ವರ್ಷ ಬಿರುಗಾಳಿಯ ಕಾಲಕ್ಕೆ ಮುಂಚೆ ಒಮ್ಮೆ ಮುಚ್ಚಿ ನೋಡುತ್ತಾರೆ. ಆದರೂ ಸಾವಿರಕ್ಕೆ ಒಂದು ಸಲಕ್ಕಿಂತ ಜಾಸ್ತಿ ಕೈಕೊಡಬಾರದು ಎಂಬ ಮೊದಲಿನ ಗುರಿ ಮುಟ್ಟಲಾಗಲಿಲ್ಲ. ಸಾಕಷ್ಟು ರಿಪೇರಿಯ ನಂತರ ನೂರಕ್ಕೆ ಒಂದು ಎಂದು ಒಪ್ಪಿಕೊಂಡರು. ಹಾಗಾಗಿ ಗೇಟಿನ ಹಿಂದಿನ ಒಡ್ಡುಗಳನ್ನು ಕಟ್ಟುವಾಗ ಆ ಒಂದು ಸಲದ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು.