ಬಾಯಿ ಬಿಡಿ ಎಂದರು, ಬಿಟ್ಟವರು ಸಿಕ್ಕಿಬಿದ್ದರು

ಹಿಂದೆ ಚೀನಾದಲ್ಲಿ ಓದು ಎಂದರೆ ಸರ್ಕಾರಿ ಹುದ್ದೆಗೆ ಏರುವ ಏಣಿ. ಸುಮಾರು 1300 ವರ್ಷ ಅಲ್ಲಿನ ಅರಸರು ಪರೀಕ್ಷೆ ಇಟ್ಟು ಅಧಿಕಾರಿಗಳನ್ನು ಆರಿಸಿಕೊಂಡರು. 1905ರಲ್ಲಿ ಆ ಪರೀಕ್ಷೆ ನಿಂತಿತು. ಆದರೂ ದೇಶದ ಬಗ್ಗೆ ತಲೆ ಕೆಡಿಸಿಕೊಳ್ಳುವುದು ನಮ್ಮ ಹೊಣೆ ಎಂಬ ನಂಬಿಕೆ ಓದಿದವರಲ್ಲಿ ಹಾಗೇ ಉಳಿಯಿತು.

ಕಮ್ಯುನಿಸ್ಟ್ ಪಕ್ಷ ಹುಟ್ಟಿದ್ದೂ ಇಂಥವರ ನಡುವೆಯೇ. 1921ರಲ್ಲಿ ಪಕ್ಷದ ಮೊದಲ ನಾಯಕನಾದ ಚೆನ್ ದುಷಿಯು ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಡೀನ್ ಆಗಿದ್ದವರು. ಅಲ್ಲಿನ ಲೈಬ್ರರಿಯಲ್ಲೇ ಯುವಕ ಮಾವೋ ತಿಂಗಳಿಗೆ 8 ಯುವಾನ್ ಸಂಬಳದ ಸಣ್ಣ ಕೆಲಸ ಮಾಡಿದ್ದರು. ಬಂದುಹೋಗುವ ವಿದ್ವಾಂಸರು ತನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ ಎಂದು ಮುಂದೆ ಅವರೇ ಹೇಳಿಕೊಂಡರು. ಆಮೇಲೆ ಪಕ್ಷ ಓದಿದವರನ್ನು ಕಾಡಿದ್ದಕ್ಕೆಲ್ಲ ಆ ಸಿಟ್ಟೇ ಕಾರಣ ಅಂತ ಹೇಳಿಬಿಡುವುದು ಸುಲಭ. ನನಗೇನೋ ಅದು ಸರಿ ಅನಿಸುವುದಿಲ್ಲ. ಪಕ್ಷಕ್ಕೆ ಓದಿದವರ ಕೆಲಸ ಬೇಕಿತ್ತು, ಅವರ ಸ್ವಂತ ಮಾತು ಬೇಕಿರಲಿಲ್ಲ. ಪಕ್ಷ ಇನ್ನೂ ತನ್ನ ನೆಲೆಯಾದ ಯೆನಾನ್ ಊರಿನಲ್ಲಿದ್ದಾಗಲೇ, 1942ರಲ್ಲಿ, ನಾಯಕರಿಗೆ ಬೇರೆ ಊಟ ಬೇರೆ ಬಟ್ಟೆ ಯಾಕೆ ಎಂದು ಬರೆದ ಲೇಖಕ ವಾಂಗ್ ಶಿವೆಯ್‌ಗೆ ಇದು ಗೊತ್ತಾಗಿತ್ತು. 1947ರಲ್ಲಿ ಅವರನ್ನು ಕೊಂದರು.

1949ರಲ್ಲಿ ಪಕ್ಷ ಅಧಿಕಾರಕ್ಕೆ ಬಂದ ನಂತರ ಹಿಡಿತ ಬಿಗಿಯಾಯಿತು. 1952ರಲ್ಲಿ ವಿಶ್ವವಿದ್ಯಾಲಯಗಳನ್ನು ಸೋವಿಯತ್ ಮಾದರಿಯಲ್ಲಿ ಒಡೆದು ಜೋಡಿಸಿದರು. ಸಮಾಜಶಾಸ್ತ್ರ ವಿಭಾಗಗಳೇ ಮುಚ್ಚಿಹೋದವು. ಪಟ್ಟಣದ ನೌಕರನಿಗೆ ಸಂಬಳ, ಮನೆ, ಔಷಧಿ ಎಲ್ಲ ಕೆಲಸ ಮಾಡುವ ಸಂಸ್ಥೆಯಿಂದಲೇ ಬರತೊಡಗಿತು. ಅಲ್ಲೇ ಅವನ ಹೆಸರಿನ ಒಂದು ಕಡತವೂ ಇರುತ್ತಿತ್ತು. ಅಪ್ಪ ಯಾರು, ಜಮೀನು ಎಷ್ಟಿತ್ತು, ಯಾವ ಸಭೆಯಲ್ಲಿ ಏನು ತಪ್ಪೊಪ್ಪಿಕೊಂಡ, ಜೊತೆಯವರು ಏನು ದೂರು ಕೊಟ್ಟರು, ಎಲ್ಲವೂ ಅದರಲ್ಲಿ. ಕೆಲಸ ಬದಲಾದರೆ ಕಡತವೂ ಹಿಂದೆಯೇ ಹೋಗುತ್ತಿತ್ತು. ಅವನು ಮಾತ್ರ ಅದನ್ನು ತೆರೆದು ನೋಡುವ ಹಾಗಿರಲಿಲ್ಲ.

1957ರ ವಸಂತದಲ್ಲಿ ಪಕ್ಷವೇ ಕರೆದು, ನಮ್ಮ ತಪ್ಪು ಇದ್ದರೆ ಹೇಳಿ ಎಂದಿತು. ಮೊದಮೊದಲು ಜನ ಹಿಂಜರಿದರು. ಆಮೇಲೆ ಮಾತಾಡಿದರು, ಜಾಸ್ತಿಯೇ ಮಾತಾಡಿದರು. ಜೂನ್ 8ಕ್ಕೆ ಪಕ್ಷದ ಪತ್ರಿಕೆಯ ಸಂಪಾದಕೀಯ ತಿರುಗಿಬಿತ್ತು. 'ಬಲಪಂಥೀಯ', ಅಂದರೆ ಪಕ್ಷದ ವಿರೋಧಿ, ಎಂಬ ಹಣೆಪಟ್ಟಿ ಸುಮಾರು 5.5 ಲಕ್ಷ ಜನರಿಗೆ ಅಂಟಿತು. ಎಷ್ಟೋ ಸಂಸ್ಥೆಗಳಲ್ಲಿ ನೂರಕ್ಕೆ 5 ಜನ ಎಂಬ ಲೆಕ್ಕ ತುಂಬಿಸಲು ಹೆಸರು ಹುಡುಕಿದರು. ಸುಮ್ನೆ ಇದ್ದವರೂ ಸಿಕ್ಕಿಕೊಂಡರು. ಈ ಅಭಿಯಾನವನ್ನು ಮುಂದೆ ನಿಂತು ನಡೆಸಿದವರು ಆಗ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಡೆಂಗ್ ಷಿಯಾವೊಪಿಂಗ್.

ಮಾ ಯಿನ್‌ಚು ಅವರ ಕಥೆ ಕೇಳಿ. ಪೀಕಿಂಗ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಈ ಅರ್ಥಶಾಸ್ತ್ರಜ್ಞ ಅದೇ ವರ್ಷ, ಜನಸಂಖ್ಯೆ ಹೀಗೇ ಏರಿದರೆ ಕಷ್ಟ ಎಂದರು. ಅವರ ಮೇಲೆ ಟೀಕೆಯ ಮಳೆ ಸುರಿಯಿತು. ಅವರು ಮಾತು ಹಿಂತೆಗೆದುಕೊಳ್ಳಲಿಲ್ಲ. 1960ರಲ್ಲಿ ಹುದ್ದೆ ಬಿಡಬೇಕಾಯಿತು. ಅವರ ಮೇಲಿನ ಆರೋಪ ಸರ್ಕಾರ ವಾಪಸ್ ತೆಗೆದುಕೊಂಡಿದ್ದು 1979ರಲ್ಲಿ. ಅಷ್ಟರಲ್ಲಿ ಅದೇ ಸರ್ಕಾರ ಒಂದೇ ಮಗು ಸಾಕು ಎನ್ನತೊಡಗಿತ್ತು!

1966ರಲ್ಲಿ ಹಳೆಯದನ್ನೆಲ್ಲ ಕಿತ್ತೊಗೆಯಿರಿ ಎಂದು ಮಾವೋ ಹುಡುಗರನ್ನು ಎಬ್ಬಿಸಿದ ಸಾಂಸ್ಕೃತಿಕ ಕ್ರಾಂತಿ ಬಂದಾಗ ವಿದ್ಯಾರ್ಥಿಗಳೇ ಮೇಷ್ಟ್ರ ತಲೆಗೆ ಕಾಗದದ ಉದ್ದ ಟೋಪಿ ಹಾಕಿ, ಕೊರಳಿಗೆ ಹಲಗೆ ನೇತುಹಾಕಿ ಬೀದಿಯಲ್ಲಿ ನಡೆಸಿದರು. ವರ್ಗಶತ್ರುಗಳ ಪಟ್ಟಿಯಲ್ಲಿ ಓದಿದವರದ್ದು ಒಂಬತ್ತನೇ ಸ್ಥಾನ, ಬೈಗುಳದ ಹೆಸರು 'ನಾರುವ ಒಂಬತ್ತನೆಯವ'. ಕಾಲೇಜು ಪ್ರವೇಶ ಪರೀಕ್ಷೆ ನಿಂತೇಹೋಯಿತು. 1968ರ ಕೊನೆಗೆ ಮಾವೋ ಮಾತು ಹೊರಬಿತ್ತು: ಓದಿದ ಹುಡುಗರು ಹಳ್ಳಿಗೆ ಹೋಗಿ ರೈತರಿಂದ ಕಲಿಯಲಿ. ಆ ದಶಕದಲ್ಲಿ ಹೀಗೆ ಹೋದವರು ಒಂದೂವರೆ ಕೋಟಿಗೂ ಹೆಚ್ಚು. ಇಂದಿನ ಅಧ್ಯಕ್ಷ ಷಿ ಜಿನ್‌ಪಿಂಗ್ ಅವರೂ ಅದರಲ್ಲಿ ಒಬ್ಬರು. 1970ರಿಂದ ಕಾಲೇಜು ತೆರೆದರೂ ಸೀಟು ಶಿಫಾರಸಿನ ಮೇಲೆ. ಶಿಫಾರಸು ಎಂದಮೇಲೆ ಯಾರ ಮಕ್ಕಳಿಗೆ ಸಿಗುತ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಮಾವೋ ತೀರಿಕೊಂಡ ಮರುವರ್ಷ, 1977ರ ಚಳಿಗಾಲದಲ್ಲಿ, ಪ್ರವೇಶ ಪರೀಕ್ಷೆ ಮತ್ತೆ ಶುರುವಾಯಿತು. ಶುರು ಮಾಡಿಸಿದವರು ಅದೇ ಡೆಂಗ್. ಗದ್ದೆಯಿಂದ, ಗಣಿಯಿಂದ, ಕಾರ್ಖಾನೆಯಿಂದ ಸುಮಾರು 57 ಲಕ್ಷ ಜನ ಬಂದು ಕೂತರು. ಅಣ್ಣ ತಮ್ಮ ಒಟ್ಟಿಗೇ ಬರೆದ ಮನೆಗಳಿದ್ದವು. ಸೀಟು ಸಿಕ್ಕಿದ್ದು ಸುಮಾರು 2.7 ಲಕ್ಷ ಜನರಿಗೆ. 1978ರಲ್ಲಿ ಡೆಂಗ್, ಬುದ್ಧಿಜೀವಿಗಳೂ ಕಾರ್ಮಿಕ ವರ್ಗದವರೇ ಎಂದು ಘೋಷಿಸಿದರು. ಬಹುತೇಕ ಎಲ್ಲ 'ಬಲಪಂಥೀಯ'ರ ಹಣೆಪಟ್ಟಿಯೂ ಕಳಚಿತು. ಅವರಲ್ಲೊಬ್ಬರು, ಝು ರೊಂಗ್‌ಜಿ, 1998ರಲ್ಲಿ ಪ್ರಧಾನಿಯೇ ಆದರು.

ಆದರೆ 1957ರ ಅಭಿಯಾನವೇ ತಪ್ಪು ಎಂದು ಪಕ್ಷ ಒಪ್ಪಲಿಲ್ಲ. 1981ರ ಅದರ ನಿರ್ಣಯದ ಪ್ರಕಾರ ಆಗ ಪ್ರತಿದಾಳಿ ಸರಿಯಾಗಿತ್ತು, ಅಗತ್ಯವೂ ಆಗಿತ್ತು. ಅದರ ವ್ಯಾಪ್ತಿ ಮಾತ್ರ ಅತಿಯಾಯಿತು. ಹಣೆಪಟ್ಟಿ ಕಳಚಿದವರಿಗೆ ಆ 20 ವರ್ಷದ ಸಂಬಳದ ಬಾಕಿ ಕೊಡಲಿಲ್ಲ.